ಮೀಟರಣ್ಣ ಅತ್ತೆಗೆ ಕಾದಂಬರಿ ಓದಿದ್ದು

"ಇವತ್ತಿನಿಂದ ಒಂದೇ ಒಂದು ಹೊಸ ಪುಸ್ತಕ ಈ ಮನೆ ಹೊಸ್ತಿಲು ದಾಟಲ್ಲ. ಇರೋದನ್ನೆಲ್ಲ ಓದಿ ಮುಗಿಸ್ತೀನಿ. ಮೊದಲನೇ ಪುಟದಿಂದ ಕೊನೇ ಪುಟದ ತನಕ."

ಭಾನುವಾರ ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷನ್ನು ಕತ್ತಿಯಂತೆ ಎತ್ತಿ ಹಿಡಿದು ಮೀಟರಣ್ಣ ಈ ಘೋರ ಪ್ರತಿಜ್ಞೆ ಮಾಡಿದ. ಆಗ ಅವನ ಹೆಂಡತಿ ವಾಷಿಂಗ್ ಮೆಷೀನಿನ ಮೇಲಿದ್ದ ಇಪ್ಪತ್ತೆರಡು ಪುಸ್ತಕಗಳನ್ನು ನೆಲಕ್ಕೆ ಇಳಿಸುತ್ತಿದ್ದಳು. ಬಟ್ಟೆ ಒಗೆಯುವಾಗಲೆಲ್ಲ ಅವನ್ನು ಇಳಿಸಬೇಕು, ಒಗೆದ ಮೇಲೆ ಏರಿಸಬೇಕು. ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದ ಅವಳಿಗೆ ಎತ್ತಿ ಇಳಿಸುವ ಕೆಲಸವೇನೂ ಹೊಸದಲ್ಲ.

"ಮೊದಲು ಬಾಯಿ ತೊಳ್ಕೊಳ್ರೀ. ನೊರೆ ಪುಸ್ತಕದ ಮೇಲೆ ಬೀಳ್ತಿದೆ," ಎಂದಳು.

ಮೀಟರಣ್ಣ ವಿದ್ಯುತ್ ಕಚೇರಿಯಲ್ಲಿ ಮೀಟರ್ ರೀಡರ್. ಆ ಹೆಸರು ಬೀದಿಯವರು ಇಟ್ಟದ್ದು. ಮನೆ ಮನೆಗೆ ಹೋಗಿ, ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಟಾರ್ಚ್ ಬಿಟ್ಟು, ದಿನಕ್ಕೆ ಇನ್ನೂರು ಮುನ್ನೂರು ಮೀಟರ್ ಓದುತ್ತಿದ್ದ. "ನನ್ನಷ್ಟು ಓದೋರು ಊರಲ್ಲಿ ಇನ್ನೊಬ್ಬರಿಲ್ಲ" ಎಂಬುದು ಅವನ ಹಳೇ ಜೋಕು. ಆದರೆ ಮೀಟರಾದರೆ ಐದಂಕಿ ಓದಿದರೆ ಮುಗಿಯಿತು, ಪುಸ್ತಕ ಹಾಗಲ್ಲವಲ್ಲ. ಯಾವುದನ್ನು ಹಿಡಿದರೂ ಇಪ್ಪತ್ತನೇ ಪುಟಕ್ಕೆ ಬರುವಷ್ಟರಲ್ಲಿ ಇನ್ನೊಂದು ಪುಸ್ತಕ ಕಣ್ಣು ಮಿಟುಕಿಸಿ ಕರೆಯುತ್ತಿತ್ತು. ಹೀಗಾಗಿ ಸದ್ಯಕ್ಕೆ ಅವನು "ಓದುತ್ತಿರುವ" ಪುಸ್ತಕಗಳೇ ಒಂಬತ್ತು. ಒಂದರಲ್ಲಿ ಗುರುತಿಗೆ ಬಸ್ ಟಿಕೆಟ್ಟು, ಒಂದರಲ್ಲಿ ಬಾಚಣಿಗೆ, ಒಂದರಲ್ಲಿ ಹೆಂಡತಿ ಮೂರು ತಿಂಗಳಿಂದ ಹುಡುಕುತ್ತಿದ್ದ ಕಾಲುಚೀಲ. ಮುಟ್ಟದೆ ಬಿದ್ದಿದ್ದವು ನೂರಕ್ಕೂ ಮೇಲೆ. ಫ್ರಿಜ್ಜಿನ ಮೇಲೆ, ಮಂಚದಡಿ, ಚಪ್ಪಲಿ ಗೂಡಿನಲ್ಲಿ, ಎಲ್ಲೆಂದರಲ್ಲಿ. ಬಂದವರು ಚಪ್ಪಲಿಯನ್ನು ಹೊರಗೆ ಬಿಸಿಲಲ್ಲಿ ಬಿಡಬೇಕಿತ್ತು, ಪುಸ್ತಕಗಳು ನೆರಳಲ್ಲಿರುತ್ತಿದ್ದವು.

ಅದೇ ವಾರ ಅತ್ತೆ ಬಂದರು. ಅಂದರೆ ಹೆಂಡತಿಯ ತಾಯಿ. ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಟೈಪಿಸ್ಟ್ ಆಗಿ ನಿವೃತ್ತರಾದವರು. ಅವರೂ ಓದುವವರೇ, ಆದರೆ ಒಂದು ಸಲಕ್ಕೆ ಒಂದೇ ಪುಸ್ತಕ. ಅದು ಮುಗಿಯದೆ ಇನ್ನೊಂದರ ರಟ್ಟು ಕೂಡ ಎತ್ತುವುದಿಲ್ಲ. ಗುರುತಿಗೆ ಚೀಟಿಯನ್ನೂ ಇಡುವವರಲ್ಲ. "ಪುಟದ ನಂಬರು ನೆನಪಿರಲ್ವೇನು?" ಎನ್ನುತ್ತಿದ್ದರು.

ಅಂಥವರ ಕಣ್ಣಿಗೇ ಪೆಟ್ಟು ಬಿದ್ದಿತ್ತು. ಎಡಗಣ್ಣು ಮೊದಲಿಂದಲೂ ಮಸುಕು. ಈಗ ಬಲಗಣ್ಣಿನ ಒಳಪರದೆ ಕಿತ್ತು ಬಂದು, ಶಸ್ತ್ರಚಿಕಿತ್ಸೆ ಆಗಿ, ಪಟ್ಟಿ ಕಟ್ಟಿದ್ದರು. ಡಾಕ್ಟರು ಹೇಳಿದ್ದು ಇಷ್ಟು: "ಹತ್ತು ದಿನ ಕವುಚಿ ಮಲಗಿರಬೇಕು. ಊಟ, ಬಚ್ಚಲು ಬಿಟ್ಟರೆ ತಲೆ ಎತ್ತಬಾರದು. ಪರದೆ ಅಂಟಿಕೊಂಡರೆ ದೃಷ್ಟಿ ಬರುತ್ತೆ."

"ಅಂಟಿಕೊಳ್ಳದಿದ್ದರೆ?" ಎಂದು ಅತ್ತೆ ಕೇಳಿದರು.

"ಹತ್ತು ದಿನ ಆಗಲಿ, ನೋಡೋಣ," ಎಂದು ಡಾಕ್ಟರು ಮುಂದಿನ ರೋಗಿಯನ್ನು ಕರೆದರು.

ಮನೆಗೆ ಬಂದ ಅತ್ತೆ ಹಣೆಯ ಕೆಳಗೆ ದಿಂಬಿಟ್ಟು ಕವುಚಿ ಮಲಗಿದರು. ತಟ್ಟೆಯಲ್ಲಿ ಹಾಕಿದ್ದು ಹಾಕಿದಂತೆಯೇ ಉಳಿಯಿತು. ಹೆಂಡತಿಗೆ ವಾರ್ಡಿನಲ್ಲಿ ರಜೆ ಸಿಗಲಿಲ್ಲ. ಮೀಟರಣ್ಣ ಎದೆ ಉಬ್ಬಿಸಿ ಹೇಳಿದ, "ನಾನು ರಜೆ ಹಾಕ್ತೀನಿ. ಹೊತ್ತು ಹೊತ್ತಿಗೆ ಮಾತ್ರೆ ಕೊಡೋದು ನನ್ನ ಕೆಲಸ. ಜೊತೆಗೆ ಅತ್ತೆಗೆ ಪುಸ್ತಕ ಓದಿ ಹೇಳ್ತೀನಿ. ಪ್ರತಿಜ್ಞೇನೂ ಈಡೇರುತ್ತೆ."

ಫ್ರಿಜ್ಜಿನ ಮೇಲಿಂದ ಒಂದು ದಪ್ಪ ಕಾದಂಬರಿ ತೆಗೆದ. ಇಬ್ಬರು ಅಣ್ಣತಮ್ಮಂದಿರು, ಅವರದೊಂದು ಹಿಟ್ಟಿನ ಗಿರಣಿ.

"ನೀವು ಓದಿದ್ದೀರಾ ಇದನ್ನ?" ದಿಂಬಿನೊಳಗಿಂದ ಅತ್ತೆಯ ಧ್ವನಿ ಬಂತು.

"ಎರಡು ಸಲ," ಎಂದ. ಓದಿದ್ದು ಇಪ್ಪತ್ತು ಪುಟ. ಎರಡು ಸಲ ಎಂಬುದು ಮಾತ್ರ ನಿಜ.

ಮೊದಲ ದಿನ ಭರ್ಜರಿಯಾಗಿ ಸಾಗಿತು. ಎರಡನೇ ದಿನ ಗೊತ್ತಿಲ್ಲದ ಪುಟಗಳು ಬಂದವು. ಗಿರಣಿಯ ಕಲ್ಲಿನ ವರ್ಣನೆಯೇ ಆರು ಪುಟ. ಮೀಟರಣ್ಣನ ಗಂಟಲು ಒಣಗಿತು. ಕವುಚಿ ಮಲಗಿದವರಿಗೆ ಏನು ಕಾಣುತ್ತದೆ ಎಂದುಕೊಂಡು ನಾಲ್ಕು ನಾಲ್ಕು ಪುಟ ಒಟ್ಟಿಗೆ ಮಗುಚಿದ.

"ತಮ್ಮ ಬಾಗಿಲು ತೆರೆದು ಅಣ್ಣನಿಗೆ ಒಂದು ಲೋಟ ನೀರು ಕೊಟ್ಟ," ಎಂದು ಓದಿದ.

"ನಿಲ್ಲಿಸಿ. ಯಾವ ತಮ್ಮ?"

"ಇರೋದೇ ಒಬ್ಬ ತಮ್ಮ, ಅತ್ತೆ."

"ಗಿರಣಿಗೆ ಬೆಂಕಿ ಇಟ್ಟ ಅಂತ ಅವನನ್ನ ಈಗ ತಾನೇ ಪೊಲೀಸರು ಹಿಡ್ಕೊಂಡು ಹೋದ್ರಲ್ಲ. ನೀರು ಹೇಗೆ ಕೊಟ್ಟ?"

ಹಿಂದಕ್ಕೆ ತಿರುಗಿಸಿ ನೋಡಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಎರಡು ಸಲ ಓದಿದವನು ಹಿಂದಕ್ಕೆ ತಿರುಗಿಸುತ್ತಾನೆಯೇ?

"ಜಾಮೀನು ಸಿಕ್ತು, ಅತ್ತೆ."

"ಬೆಂಕಿ ಇಟ್ಟ ಕೇಸಲ್ಲಿ, ಒಂದೇ ದಿನಕ್ಕೆ? ಮೂವತ್ತೊಂದು ವರ್ಷ ಟೈಪ್ ಮಾಡಿದೀನಿ, ಇಂಥದ್ದು ನೋಡಿಲ್ಲ. ವಕೀಲ ಯಾರು?"

ಆ ಕ್ಷಣದಲ್ಲಿ, ಯಾವ ಲೇಖಕನಿಗೂ ತಿಳಿಯದಂತೆ, ಒಬ್ಬ ವಕೀಲೆ ಹುಟ್ಟಿದಳು. "ಒಬ್ಬ ಹೆಣ್ಣುಮಗಳು. ಅವಳಿಗೆ ಇದೇ ಮೊದಲನೇ ಕೇಸು," ಎಂದ ಮೀಟರಣ್ಣ.

"ಪಾಪ. ಓದಿ, ಓದಿ," ಎಂದರು ಅತ್ತೆ. ಅವತ್ತು ತಟ್ಟೆ ಅರ್ಧ ಖಾಲಿಯಾಯಿತು.

ಮೂರನೇ ದಿನ ಮೀಟರಣ್ಣನ ಕನ್ನಡಕ ಕಾಣೆಯಾಯಿತು. ಬಚ್ಚಲಲ್ಲಿ ಹುಡುಕಿದ, ಫ್ರಿಜ್ಜಿನೊಳಗೆ ಹುಡುಕಿದ, ಒಂಬತ್ತೂ ಪುಸ್ತಕಗಳನ್ನು ಕೊಡವಿದ. ಸಿಕ್ಕಿದ್ದು ಕಾಲುಚೀಲದ ಜೋಡಿ ಮಾತ್ರ. ಮೀಟರಿನ ದಪ್ಪ ಅಂಕಿಗಳನ್ನಾದರೆ ಬರಿಗಣ್ಣಲ್ಲಿ ಓದಬಲ್ಲ. ಕಾದಂಬರಿಯ ಅಕ್ಷರಗಳು ಇರುವೆ ಸಾಲಿನಂತೆ ಹರಿದಾಡಿದವು. ಕನ್ನಡಕ ಕಳೆದಿದೆ ಎನ್ನುವುದು ಏನು ದೊಡ್ಡ ವಿಷಯ? ಹೇಳಬೇಕೆಂದೇ ಬಾಯಿ ತೆರೆದ.

"ಎಂಬತ್ತೆರಡನೇ ಪುಟಕ್ಕೆ ನಿಲ್ಲಿಸ್ತೀನಿ ಅಂದಿದ್ರಿ ನಿನ್ನೆ. ಆ ವಕೀಲಮ್ಮ ಏನಾದಳೋ ಅಂತ ಬೆಳಗಿನಿಂದ ಯೋಚನೆ ಮಾಡ್ತಿದೀನಿ," ಎಂದರು ಅತ್ತೆ.

ತೆರೆದ ಬಾಯಿ ಹಾಗೇ ಕತೆಗೆ ತಿರುಗಿತು.

ಅಲ್ಲಿಂದ ಮುಂದೆ ಮೀಟರಣ್ಣನನ್ನು ತಡೆಯುವವರೇ ಇರಲಿಲ್ಲ. ಆಗಾಗ ಸರ್ರನೆ ಪುಟ ತಿರುಗಿಸುತ್ತ, ಇಲ್ಲದ ಸಾಕ್ಷಿಗಳನ್ನು ಕರೆಸಿದ, ಕೆಮ್ಮುವ ನ್ಯಾಯಾಧೀಶರನ್ನು ಕೂರಿಸಿದ. ಅತ್ತೆ ನಡುನಡುವೆ ತಿದ್ದುತ್ತಿದ್ದರು. "ಸಾಕ್ಷಿನ ಮೊದಲು ಕರೆಸಿದ ಕಡೆಯ ವಕೀಲರೇ ಪ್ರಶ್ನೆ ಕೇಳ್ತಾರೆ. ಬರೆದವರಿಗೆ ಅಷ್ಟೂ ಗೊತ್ತಿಲ್ವಾ?"

"ಸ್ವಲ್ಪ ಅವಸರದ ಮನುಷ್ಯ ಅಂತ ಕಾಣುತ್ತೆ, ಅತ್ತೆ," ಎನ್ನುತ್ತಿದ್ದ ಬೆವರು ಒರೆಸಿಕೊಳ್ಳುತ್ತ.

ನಾಲ್ಕನೇ ದಿನ ಮಹಡಿ ಮನೆಯ ಟೈಲರಕ್ಕ ಆರೋಗ್ಯ ವಿಚಾರಿಸಲು ಬಂದವಳು, ಗುಂಡಿ ಹೊಲಿಯುವ ಬಟ್ಟೆ ಸಮೇತ ಅಲ್ಲೇ ಕುಳಿತಳು. ಐದನೇ ದಿನ ಎದುರು ಮನೆಯ ತಾತ ಬಂದರು. ನಿವೃತ್ತ ಬಸ್ ಡ್ರೈವರ್. "ಕತೆ ಚೆನ್ನಾಗಿದೆ, ಆದ್ರೆ ಎಲ್ಲರೂ ನಡ್ಕೊಂಡೇ ಓಡಾಡ್ತಾರಲ್ಲ," ಎಂದು ಕೊರಗಿದರು. ಮರುದಿನವೇ ಕತೆಯಲ್ಲಿ ಒಂದು ಬಸ್ಸು ಬಂತು. ಏಳನೇ ದಿನ ಬ್ರೇಕು ಹಿಡಿಯದೆ ಕಣಿವೆಯ ಅಂಚಿನಲ್ಲಿ ಹೋಗಿ ನಿಂತಿತು. ತಾತ ಬಲಗಾಲನ್ನು ನೆಲಕ್ಕೆ ಒತ್ತಿ ಹಿಡಿದು ಕುಳಿತಿದ್ದರು.

ಡ್ಯೂಟಿ ಮುಗಿಸಿ ಬಂದ ಹೆಂಡತಿ ಬಾಗಿಲಲ್ಲೇ ನಿಂತು ಇದನ್ನೆಲ್ಲ ನೋಡಿದಳು. ಅಡುಗೆಮನೆಗೆ ಕರೆದು, "ಅಮ್ಮ ಇವತ್ತು ಎರಡು ಸಲ ಬಡಿಸ್ಕೊಂಡ್ರು. ಮೊದಲ ದಿನ ದಿಂಬು ಒದ್ದೆ ಆಗಿತ್ತು, ನಿಮಗೆ ಹೇಳಿರಲಿಲ್ಲ," ಎಂದಳು. ಆಮೇಲೆ ಮೆಲ್ಲಗೆ, "ಮದುವೆ ಆದಮೇಲೆ ನೀವು ಒಂದು ಪುಸ್ತಕನ ಇಷ್ಟು ದೂರ ಓದಿದ್ದು ಇದೇ ಮೊದಲು. ನನಗೆ ಎಷ್ಟು ಖುಷಿ ಆಗಿದೆ ಗೊತ್ತಾ?"

ಮೀಟರಣ್ಣನಿಗೆ ಕುಡಿಯುತ್ತಿದ್ದ ನೀರು ನೆತ್ತಿಗೇರಿತು.

ಎಂಟನೇ ದಿನ ಟೈಲರಕ್ಕ ಬರಲಿಲ್ಲ. ಶಾಲೆಯ ಯೂನಿಫಾರಂ ತಲುಪಿಸುವ ಗಡಿಬಿಡಿ. ಒಂಬತ್ತನೇ ದಿನ ಎಲ್ಲರಿಗಿಂತ ಮೊದಲೇ ಬಂದಳು. ಅವತ್ತು ಹೆಂಡತಿಗೂ ವಾರದ ರಜೆ, ಅವಳೂ ಕುಳಿತಿದ್ದಳು. ಟೈಲರಕ್ಕನ ಕೈಯಲ್ಲಿ ಒಂದು ದಪ್ಪ ಪುಸ್ತಕ. ಅದೇ ಗಾತ್ರ, ಅದೇ ರಟ್ಟು.

"ನಿನ್ನೆ ತಪ್ಪಿಹೋಯ್ತಲ್ಲ ಅಂತ ಲೈಬ್ರರಿಯಿಂದ ಇದನ್ನೇ ತಂದೆ ಅಣ್ಣ. ಬಸ್ಸು ಕಣಿವೆ ಹತ್ರ ನಿಲ್ಲೋದು ಯಾವ ಪುಟ? ಬೆಳಗಿನಿಂದ ಹುಡುಕ್ತಿದೀನಿ. ಇದರಲ್ಲಿ ಬಸ್ಸೇ ಇಲ್ಲ."

"ಬಸ್ಸಿಲ್ವಾ?" ಎಂದು ತಾತ ಎದ್ದು ನಿಂತರು. ಡಿಪೋದಲ್ಲಿ ನಿಲ್ಲಿಸಿ ಬಂದ ಗಾಡಿ ಮಾಯವಾದಂತಿತ್ತು ಅವರ ಮುಖ.

"ವಕೀಲಮ್ಮಾನೂ ಇಲ್ಲ ತಾತ. ತಮ್ಮನನ್ನ ಪೊಲೀಸರು ಮರುದಿನವೇ ಬಿಟ್ಟುಬಿಡ್ತಾರೆ. ಅವನು ಬೆಂಕಿ ಇಟ್ಟೇ ಇಲ್ಲ. ಕರೆಂಟಿನ ಬೆಂಕಿ ಅದು, ಮೀಟರ್ ಬೋರ್ಡಿಂದ ಹತ್ತಿದ್ದು."

ಊರಿನ ಪುಸ್ತಕಗಳಲ್ಲೆಲ್ಲ ಮೀಟರ್ ಇರುವ ಒಂದೇ ಒಂದು ಪುಸ್ತಕ ಕೈಯಲ್ಲಿದ್ದೂ ಅದನ್ನೇ ಓದದೆ ಬಿಟ್ಟಿದ್ದ ಮೀಟರಣ್ಣ. "ನಿಂದು ಹಳೇ ಮುದ್ರಣ ಇರಬೇಕು. ನನ್ನದು ಪರಿಷ್ಕೃತ," ಎಂದು ಗಡಬಡಿಸಿ ತನ್ನ ಪುಸ್ತಕ ಬಿಡಿಸಿ ಪುಟ ಹುಡುಕುವವನಂತೆ ಬೆರಳಾಡಿಸಿದ.

"ತಲೆಕೆಳಗಾಗಿ ಹಿಡಿದಿದ್ದೀರಿ ಅಣ್ಣ," ಎಂದಳು ಟೈಲರಕ್ಕ.

ಹೆಂಡತಿಯ ಮುಖ ನೋಡುವ ಧೈರ್ಯ ಅವನಿಗಾಗಲಿಲ್ಲ. "ನನ್ನ ಕನ್ನಡಕ ಕಳೆದು ಏಳು ದಿನ ಆಯ್ತು," ಎಂದ ಕೊನೆಗೆ. "ಎಂಬತ್ತೆರಡನೇ ಪುಟದಿಂದ ಈಚೆಗೆ ಎಲ್ಲ ನಾನೇ ಹೇಳಿದ್ದು. ಅದಕ್ಕೆ ಮುಂಚೆ ಕೂಡ ಒಂದಿಷ್ಟು ಹಾರಿಸಿದೀನಿ. ತಪ್ಪಾಯ್ತು, ಅತ್ತೆ."

"ಕಳೆದಿಲ್ಲ," ಎಂದರು ಅತ್ತೆ.

ಕವುಚಿ ಮಲಗಿದಂತೆಯೇ ಅವರ ಕೈ ದಿಂಬಿನ ಕೆಳಗೆ ಹೋಗಿ ಕನ್ನಡಕವನ್ನು ಹೊರಗೆ ತಂದಿತು. "ಮೂರನೇ ದಿನ ಮಾತ್ರೆ ಕೊಡೋಕೆ ಬಂದವರು ಇಲ್ಲೇ ಮರೆತು ಹೋದ್ರಿ. ಕೊಡೋಣ ಅಂತಲೇ ಇದ್ದೆ. ಅಷ್ಟರಲ್ಲಿ ನೀವು ಓದೋಕೆ ಶುರು ಮಾಡಿಬಿಟ್ರಿ. ಕನ್ನಡಕ ನನ್ನ ಹತ್ರ, ಓದು ನಿಮ್ಮ ಹತ್ರ. ಇದೇನಪ್ಪಾ ಅಂತ ಕೇಳ್ತಾ ಮಲಗಿದ್ದೆ."

"ಗೊತ್ತಿದ್ದೂ ಯಾಕಮ್ಮ ಸುಮ್ನಿದ್ದೆ?" ಮಗಳು ಕೇಳಿದಳು.

ಅತ್ತೆ ಹಣೆಯ ಕೆಳಗಿನ ದಿಂಬು ಸರಿಮಾಡಿಕೊಂಡರು. "ಇವರು ಪುಸ್ತಕದಲ್ಲಿದ್ದಿದ್ದನ್ನೇ ಓದ್ತಾ ಇದ್ದಾಗ ಮನಸ್ಸು ಪಕ್ಕಕ್ಕೆ ಸರಿದು ಕಣ್ಣಿನ ಹತ್ರವೇ ಹೋಗ್ತಿತ್ತು ಕಣೇ. ಕಣ್ಣು ಬರುತ್ತೋ ಇಲ್ವೋ, ಮುಂದೆ ಹೇಗೋ ಅಂತ. ಇವರು ಸುಳ್ಳು ಹೇಳೋಕೆ ಹಿಡಿದ ಮೇಲೆ, ಎಲ್ಲಿ ಸಿಕ್ಕಿಬೀಳ್ತಾರೆ, ಹೇಗೆ ನುಣುಚಿಕೊಳ್ತಾರೆ ಅಂತ ಕಿವಿ ಕೊಟ್ಟು ಕೇಳಿದೆ. ಕೋರ್ಟಲ್ಲಿ ಅದೇ ಅಭ್ಯಾಸ ನೋಡು. ಕಣ್ಣಿನ ಯೋಚನೆ ಮಾಡೋಕೆ ಪುರಸೊತ್ತೇ ಸಿಗಲಿಲ್ಲ."

ಹತ್ತನೇ ದಿನ ಡಾಕ್ಟರು ಪಟ್ಟಿ ಬಿಚ್ಚಿದರು. "ನಿಧಾನವಾಗಿ ಕಣ್ಣು ತೆರೀರಿ. ಏನು ಕಾಣುತ್ತೆ ಹೇಳಿ."

ಅತ್ತೆ ರೆಪ್ಪೆ ಬಡಿದರು. ನೀರು ಸುರಿಯಿತು. ಮೀಟರಣ್ಣ ಬಾಗಿಲ ಬಳಿ ನಿಂತಿದ್ದ.

"ಎದುರಿಗೆ ನಮ್ಮ ಅಳಿಯಂದಿರು," ಎಂದರು ಅತ್ತೆ. "ಶರ್ಟಿನ ಗುಂಡಿ ಒಂದು ತಪ್ಪಿ ಹಾಕ್ಕೊಂಡಿದಾರೆ."

ಹೆಂಡತಿ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡಳು. ಮೀಟರಣ್ಣ ಎಲ್ಲ ಗುಂಡಿಗಳನ್ನೂ ಬಿಚ್ಚಿ ಹಾಕಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದ. ಇನ್ನೂ ಒಂದು ತಿಂಗಳು ಓದಬಾರದು, ಆಮೇಲೆ ಹೊಸ ಕನ್ನಡಕ ಕೊಡುತ್ತೇನೆ ಎಂದರು ಡಾಕ್ಟರು.

ಮನೆಗೆ ಬಂದ ಅತ್ತೆ ನೆಟ್ಟಗೆ ಕುರ್ಚಿಯಲ್ಲಿ ಕುಳಿತು ತೀರ್ಪು ಕೊಟ್ಟರು. "ಈಗ ಪುಸ್ತಕ ಓದಿ. ಇದ್ದದ್ದು ಇದ್ದಹಾಗೆ. ಗಿರಣಿ ಕಲ್ಲಿನಿಂದ ಶುರುವಾಗ್ಲಿ."

ತಾತ ಎರಡು ದಿನ ಬಂದು, ಬಸ್ಸು ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಕುಳಿತಲ್ಲೇ ತೂಕಡಿಸತೊಡಗಿದರು. ಟೈಲರಕ್ಕ ಎಲ್ಲ ಮೊದಲೇ ಓದಿ ಮುಗಿಸಿದ್ದರಿಂದ, "ಮುಂದೆ ಕೇಳಿ, ಮುಂದೆ ಕೇಳಿ," ಎನ್ನುತ್ತ ಸುಮ್ಮನೆ ನಗುತ್ತಿದ್ದಳು. ಮೀಟರಣ್ಣ ಮೊದಮೊದಲು ಶಿಕ್ಷೆ ಅನುಭವಿಸುವವನ ಧ್ವನಿಯಲ್ಲಿ ಓದಿದ. ಕಲ್ಲಿನ ಆರು ಪುಟ ದಾಟಿದ. ಬೆಂಕಿಯ ರಾತ್ರಿ ಬಂತು. ಅಣ್ಣ ತಮ್ಮನ ಮೇಲೆ ಸಂಶಯಪಟ್ಟದ್ದು, ತಮ್ಮ ಒಂದು ಮಾತೂ ಆಡದೆ ಊರು ಬಿಟ್ಟದ್ದು ಬಂತು. ಮುನ್ನೂರನೇ ಪುಟದ ಹೊತ್ತಿಗೆ ಹೆಂಡತಿ ಊಟಕ್ಕೆ ಕರೆದರೆ, "ಇನ್ನೊಂದೇ ಪುಟ," ಎನ್ನತೊಡಗಿದ್ದ. ಅಜ್ಜಿಯ ಮನೆಗೆ ಹೊರಟ ಮಗುವಿನಂತೆ ಬೆಳಿಗ್ಗೆಯೇ ಸ್ನಾನ ಮಾಡಿ ಪುಸ್ತಕ ಹಿಡಿದು ಕಾಯುತ್ತಿದ್ದ.

ಹೀಗೆ ಓದಲು ಹಿಡಿದ ಹದಿಮೂರನೇ ದಿನ ಕೊನೆಯ ಪುಟ. ಮುದುಕನಾದ ಅಣ್ಣ ತಮ್ಮನ ಮನೆ ಬಾಗಿಲು ತಟ್ಟಿ, ಒಳಗಿನಿಂದ ಹೆಜ್ಜೆ ಸಪ್ಪಳ ಹತ್ತಿರವಾಗುವಲ್ಲಿಗೆ ಕತೆ ನಿಲ್ಲುತ್ತದೆ. ಮೀಟರಣ್ಣನ ಧ್ವನಿ ಅಲ್ಲಿಗೆ ತಲುಪುವ ಮೊದಲೇ ನಿಂತಿತ್ತು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿ, ಆ ಸಾಲನ್ನು ಮುಗಿಸಿದ. ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡ. ಹೆಂಡತಿ ಬಂದು ಪಕ್ಕದಲ್ಲಿ ಕುಳಿತಳು.

ಒಂದು ಪುಸ್ತಕ ಪೂರ್ತಿ ಓದಿದ ಮನುಷ್ಯನಿಗೆ ಎಷ್ಟು ಹೊತ್ತು ವಿನಯ ಇರಲು ಸಾಧ್ಯ? ಐದು ನಿಮಿಷವಾಗುತ್ತಲೇ ಗಂಟಲು ಸರಿಪಡಿಸಿಕೊಂಡ.

"ಅತ್ತೆ, ನಿಜ ಹೇಳಿ. ನಾನು ಹೇಳಿದ ಕತೆ ಕೂಡ ಅಷ್ಟೇನೂ ಕೆಟ್ಟದಾಗಿರಲಿಲ್ಲ ಅಲ್ವಾ? ಕೋರ್ಟು, ಬಸ್ಸು, ಆ ವಕೀಲಮ್ಮ... ಅದನ್ನೂ ಕೂತು ಬರೆದರೆ ಒಂದು ಪುಸ್ತಕ ಆಗಬಹುದೇನೋ."

ಅತ್ತೆ ಹೊಸದಾಗಿ ಬಂದ ಕಣ್ಣಿನಿಂದ ಅವನನ್ನು ಪೂರ್ತಿಯಾಗಿ ಒಮ್ಮೆ ನೋಡಿದರು.

"ಧಾರಾಳವಾಗಿ ಬರೀರಿ, ಅಳಿಯಂದಿರೇ. ಟೈಪು ನಾನೇ ಮಾಡಿಕೊಡ್ತೀನಿ," ಎಂದರು.

ಮೀಟರಣ್ಣನ ಎದೆ ಉಬ್ಬಿತು.

"ಆದ್ರೆ ಅದನ್ನ ಓದಿ ಅಂತ ಮಾತ್ರ ನನಗೆ ಹೇಳಬೇಡಿ."