ದೋಣಿಯ ಅಡಿಯ ಅಲಸಂದೆ

ಲಿನ್‌ವುಡ್ ನಲವತ್ತು ವರ್ಷ ಹೇಳಿಕೊಂಡು ಬಂದ ಒಂದು ಮಾತು ಕೊನೆಗೆ ಅವನ ಕುತ್ತಿಗೆಗೇ ಸುತ್ತಿಕೊಂಡಿತು. ಮಾತು ಇಷ್ಟೇ: "ಅಲಸಂದೆ ಕಾಳು, ಅಕ್ಕಿ, ಒಂದು ತುಂಡು ಹಂದಿ ಮಾಂಸ. ಇದರಲ್ಲಿ ಏನ್ ಮಹಾ ಇದೆ?" ಪ್ರತಿ ಹೊಸ ವರ್ಷದ ದಿನ ಹೆಂಡತಿ ವರ್ಡೆಲ್ ಮಾಡಿದ ಹಾಪಿನ್ ಜಾನ್ ಎಂಬ ಅಲಸಂದೆ ಅನ್ನವನ್ನು ಮೂರು ತಟ್ಟೆ ಬಾರಿಸಿ, ಢರ್ರನೆ ತೇಗಿ, ಆಮೇಲೆ ಈ ರಾಜಾಜ್ಞೆ ಹೊರಡಿಸುವುದು ಅವನ ಪದ್ಧತಿ. ಸೌತ್ ಕೆರೊಲಿನಾದ ಆ ಕಡಲ ದ್ವೀಪದಲ್ಲಿ ಜನವರಿ ಒಂದರಂದು ಅಲಸಂದೆ ಅನ್ನ ತಿನ್ನದವನಿಗೆ ವರ್ಷಪೂರ್ತಿ ಅದೃಷ್ಟ ಇಲ್ಲ. (ತಿಂದವನಿಗೆ ನಾಲಿಗೆ ಮೇಲೆ ಹಿಡಿತ ಇಲ್ಲ ಅನ್ನುವುದು ವರ್ಡೆಲ್‌ಳ ಸ್ವಂತ ಸಂಶೋಧನೆ.)

ಈ ಸಲ ಕ್ರಿಸ್‌ಮಸ್‌ಗೆ ವಾರ ಮುಂಚೆ ವರ್ಡೆಲ್ ಚರ್ಚಿನ ಮೆಟ್ಟಿಲ ಮೇಲೆ ಜಾರಿ ಬಲಗೈ ಮುರಿದುಕೊಂಡಳು. ಪ್ಲಾಸ್ಟರ್ ಬಿತ್ತು.

"ಹೋದ ವರ್ಷ ಅನ್ನದ ಪಾತ್ರೆಯಲ್ಲಿ ಅದೃಷ್ಟದ ಡೈಮ್ ನಾಣ್ಯ ಸಿಕ್ಕಿದ್ದು ನಿನಗೇ ಅಲ್ವಾ? ಇದೇನಾ ನಿನ್ನ ಅದೃಷ್ಟ?" ಎಂದು ಲಿನ್‌ವುಡ್ ನಕ್ಕ.

ವರ್ಡೆಲ್ ನಗಲಿಲ್ಲ. "ರೀ, ಈ ವರ್ಷ ಅಡುಗೆ ನೀವೇ ಮಾಡಿ. ಬಂದೋರೆಲ್ಲ ಚೆನ್ನಾಗಿದೆ ಅಂತ ತಿಂದರೆ ಆ ನಿಮ್ಮ ದೋಣಿ ವಿಷಯದಲ್ಲಿ ನಾನು ಸಾಯೋವರೆಗೂ ತುಟಿ ಪಿಟಕ್ ಅನ್ನಲ್ಲ. ಇಲ್ಲಾಂದ್ರೆ ಅದು ಅವತ್ತೇ ನಮ್ಮಣ್ಣನ ಲಾರಿ ಹತ್ತಬೇಕು. ಆಯ್ತಾ?"

ದೋಣಿ ಹಿತ್ತಲಲ್ಲಿ ಹನ್ನೊಂದು ವರ್ಷದಿಂದ ಬೋರಲಾಗಿ ಬಿದ್ದಿತ್ತು. ನೀರಿಗಿಳಿಯಲು ಅದಕ್ಕೆ ಬೇಕಾಗಿದ್ದದ್ದು ಎರಡೇ ವಸ್ತು, ಒಂದು ಇಂಜಿನ್ನು, ಇನ್ನೊಂದು ತಳ. ಆದರೆ ಲಿನ್‌ವುಡ್ ದಿನಾ ಸಂಜೆ ಅದರ ಮೇಲೆ ಕೂತು ತಾನು ಮುಂದೆ ಹಿಡಿಯಲಿರುವ ಮೀನುಗಳ ಬಗ್ಗೆ ಯೋಚಿಸುತ್ತಿದ್ದ. ಅದು ಹೋದರೆ ಅವನ ಸಂಜೆಯೇ ಹೋದಂತೆ.

"ಆಯ್ತು," ಎಂದ, ಎದೆ ಉಬ್ಬಿಸಿ.

ಹೊಸ ವರ್ಷದ ಬೆಳಿಗ್ಗೆ ವರ್ಡೆಲ್ ಚರ್ಚಿಗೆ ಹೊರಡುವಾಗ ತನ್ನ ಅಜ್ಜಿಯ ಬೆಳ್ಳಿ ಡೈಮನ್ನು ಅವನ ಅಂಗೈಗೆ ಹಾಕಿದಳು. ನಡುವೆ ತೂತಿದ್ದ ಆ ನಾಣ್ಯವನ್ನು ಅಜ್ಜಿ ಕಣ್ಣು ತಾಗದಿರಲೆಂದು ಕಾಲಿಗೆ ಕಟ್ಟಿಕೊಳ್ಳುತ್ತಿದ್ದಳು. ಈಗ ಅದು ಪ್ರತಿ ವರ್ಷ ಪಾತ್ರೆಗೆ ಬೀಳುತ್ತದೆ, ಯಾರ ತಟ್ಟೆಗೆ ಬಂತೋ ಅವರು ಆ ವರ್ಷದ ಅದೃಷ್ಟವಂತರು.

"ಮರೀಬೇಡಿ ಮತ್ತೆ!"

"ನಾನೇನು ಮಗುವಾ?"

ಅವಳನ್ನು ಕರೆದೊಯ್ದ ಕಾರು ತಿರುವು ದಾಟುವವರೆಗೆ ಎಲ್ಲ ಸರಿಯಾಗೇ ಇತ್ತು. ಮಾಂಸದ ತುಂಡಿನ ಜೊತೆ ಕಾಳು ಹದವಾಗಿ ಬೆಂದಿತ್ತು. ಆಗ ಲಿನ್‌ವುಡ್ ಮುಚ್ಚಳ ತೆಗೆದು ನೋಡಿದ. ನೀರು! ಕಂದು ಬಣ್ಣ, ಮೇಲೆ ಜಿಡ್ಡು, ತಳ ಕಾಣದಷ್ಟು ರಾಡಿ. ಮೂವತ್ತೆರಡು ವರ್ಷ ಕೌಂಟಿಯ ನೀರು ಪರೀಕ್ಷೆ ಮಾಡಿ ನಿವೃತ್ತನಾದ ಮನುಷ್ಯ ಅವನು. ಇಂಥ ನೀರನ್ನು ಕಂಡರೆ ಅವನ ಮೈಯೆಲ್ಲ ಉರಿಯುತ್ತದೆ. "ಥೂ, ಇದನ್ನಾ ನಾನು ನಲವತ್ತು ವರ್ಷ ತಿಂದದ್ದು!" ಎಂದು ಅಷ್ಟೂ ಕಟ್ಟನ್ನು ಸಿಂಕಿಗೆ ಬಸಿದು, ಕಾಳನ್ನು ಮೂರು ಸಲ ತೊಳೆದು, ನಲ್ಲಿಯ ಸ್ಫಟಿಕದಂಥ ನೀರು ಹಾಕಿ, ಅಕ್ಕಿ ಸುರಿದು, ಡೈಮನ್ನೂ ಹಾಕಿ ಮುಚ್ಚಿದ.

ಆ ಕಟ್ಟಿನಲ್ಲೇ ಅಕ್ಕಿ ಬೇಯಬೇಕು, ರುಚಿಯೆಲ್ಲ ಇರುವುದೇ ಅದರಲ್ಲಿ ಅಂತ ದ್ವೀಪದ ಕೂಸಿಗೂ ಗೊತ್ತು.

ಅರ್ಧ ಗಂಟೆಯ ಮೇಲೆ ಒಂದು ಚಮಚ ಬಾಯಿಗಿಟ್ಟ. ಮೇಲೆ ಅಂಟು, ತಳದಲ್ಲಿ ಸೀಕಲು, ರುಚಿ ಮಾತ್ರ ಒದ್ದೆ ಕಾಗದದ್ದು. ಗಡಿಯಾರ ನೋಡಿದ. ಚರ್ಚು ಬಿಡಲು ಇಪ್ಪತ್ತು ನಿಮಿಷ! ಅಯ್ಯೋ ನನ್ನ ದೋಣಿಯೇ ಎಂದುಕೊಂಡು ಬೇಲಿ ದಾಟಿ ಪಕ್ಕದ ಮನೆಯ ಮುದುಕಿ ಓಜೆಲಾಳ ಹಿಂಬಾಗಿಲು ತಟ್ಟಿದ.

"ಬಾರಪ್ಪ ಬಾ! ಈ ವರ್ಷ ನನ್ನ ಹೊಸ್ತಿಲು ತುಳಿದ ಮೊದಲನೇ ಗಂಡಸು ನೀನು, ನನಗೆ ಒಳ್ಳೇದಾಗುತ್ತೆ," ಎಂದಳು ಓಜೆಲಾ. "ಏನು, ಸೀದು ಹೋಯ್ತಾ?"

"ಅಜ್ಜಿ, ಮಾನ ಉಳಿಸು. ನಿನ್ನ ಪಾತ್ರೆ ಕೊಡು. ಯಾರಿಗೂ ಹೇಳಬೇಡ."

"ನಾನ್ಯಾಕೆ ಹೇಳ್ಲಿ?" ಎಂದು ಓಜೆಲಾ ಒಲೆಯ ಮೇಲಿದ್ದ ದೊಡ್ಡ ಪಾತ್ರೆಯನ್ನು ಎತ್ತಿಕೊಟ್ಟಳು. ಇಷ್ಟು ಸುಲಭವಾಗಿ ಯಾಕೆ ಕೊಟ್ಟಳು ಅಂತ ಯೋಚಿಸಲು ಅವನಿಗೆ ಪುರಸೊತ್ತಿರಲಿಲ್ಲ. ತನ್ನ ಪಾತ್ರೆಯನ್ನು ದೋಣಿಯ ಅಡಿಗೆ ತಳ್ಳಿ, ಏಪ್ರನ್ ಕಟ್ಟಿಕೊಂಡು ಬಾಗಿಲಲ್ಲಿ ನಿಂತ.

ಊಟ ಅಂದರೆ ಊಟ! ವರ್ಡೆಲ್‌ಳ ಅಣ್ಣ ಎಫ್ರೇಮ್ ನಾಲ್ಕು ತಟ್ಟೆ ಖಾಲಿ ಮಾಡಿದ. "ಭಾವ, ನಿನ್ನ ಕೈಲಿ ಇಂಥ ಕಲೆ ಇತ್ತಾ!" ಲಿನ್‌ವುಡ್ ನಾಚಿಕೊಂಡ ಹಾಗೆ ಮಾಡಿದ. "ಎಲ್ಲ ಆ ಕಟ್ಟಿನಲ್ಲಿದೆ ಕಣಯ್ಯ," ಎಂದು ಪಾಠವನ್ನೂ ಹೇಳಿದ. ದೋಣಿ ಉಳಿಯಿತು.

ಆಗ ವರ್ಡೆಲ್ ಸೌಟಿನಿಂದ ಪಾತ್ರೆಯ ತಳ ಕೆರೆದಳು. "ರೀ, ನಮ್ಮಜ್ಜಿಯ ಡೈಮ್ ಎಲ್ಲಿ?"

ಲಿನ್‌ವುಡ್ ತನ್ನ ತಟ್ಟೆಯಲ್ಲಿ ಹುಡುಕುವವನಂತೆ ನಟಿಸಿದ.

"ಯಾರಿಗೂ ಸಿಗಲಿಲ್ವಾ? ಹಾಗಾದ್ರೆ ಯಾರೋ ನುಂಗಿದ್ದಾರೆ!" ಎಂದಳು ವರ್ಡೆಲ್.

ಎಫ್ರೇಮ್ ಹೊಟ್ಟೆ ಹಿಡಿದುಕೊಂಡ. "ಮೂರನೇ ತಟ್ಟೇಲಿ ಏನೋ ಗಟ್ಟಿಯಾಗಿ ಇಳೀತು ಕಣೇ..." ಅವನ ಹೆಂಡತಿ ಆಸ್ಪತ್ರೆಗೆ ಹೊರಡಲು ಕೋಟು ಹಾಕಿಕೊಂಡಳು, ಎಕ್ಸ್‌ರೇ ತೆಗೆಸಬೇಕಂತೆ. ಲಿನ್‌ವುಡ್ ಬಾಯಿ ಬಿಡಲಿಲ್ಲ. ಒಂದು ಎಕ್ಸ್‌ರೇಯಿಂದ ಯಾರೂ ಸತ್ತಿಲ್ಲ, ಭಾವಮೈದುನನಂತೂ ಗಟ್ಟಿ ಆಸಾಮಿ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

"ಎಕ್ಸ್‌ರೇ ಯಾಕೆ?" ವರ್ಡೆಲ್ ಅಲಮಾರಿಯಿಂದ ಹರಳೆಣ್ಣೆ ಸೀಸೆ ತೆಗೆದಳು. "ತಿಂದವರಿಗೆಲ್ಲ ಎರಡೆರಡು ಚಮಚ. ಸಂಜೆಯೊಳಗೆ ತಾನೇ ಬರುತ್ತೆ. ಮೊದಲು ಅಡುಗೆ ಮಾಡಿದವರಿಗೆ. ಬಾಯಿ ತೆಗೀರಿ."

ಚಮಚ ಮೂಗಿನ ಹತ್ತಿರ ಬಂತು. ವಾಸನೆಯೂ ಬಂತು.

"ದೋಣಿಯ ಅಡಿಯಲ್ಲಿದೆ!" ಎಂದು ಲಿನ್‌ವುಡ್ ಕಿರುಚಿದ.

ಎಲ್ಲರೂ ಹಿತ್ತಲಿಗೆ ನಡೆದರು. ದೋಣಿ ಎತ್ತಿದರು. ಸೀದ ಪಾತ್ರೆಯಲ್ಲಿ ಲಿನ್‌ವುಡ್ ಮೊಣಕೈವರೆಗೂ ಕೈಬಿಟ್ಟು ಡೈಮನ್ನು ಹೊರತೆಗೆದ.

"ಸಿಕ್ಕಿದ್ದು ಭಾವನಿಗೇ! ಈ ವರ್ಷದ ಅದೃಷ್ಟವಂತ!" ಎಂದು ಚಪ್ಪಾಳೆ ತಟ್ಟಿ ಎಫ್ರೇಮ್ ದೋಣಿಯನ್ನು ಲಾರಿಗೆ ಹೇರತೊಡಗಿದ.

"ನಿನಗೆ ಮೊದಲೇ ಗೊತ್ತಿತ್ತಾ?" ಲಿನ್‌ವುಡ್ ಹೆಂಡತಿಯನ್ನು ಕೇಳಿದ.

"ನೀವು ತಿಂದದ್ದು ನನ್ನ ಅಡುಗೇನೇ. ಬೆಳಿಗ್ಗೆ ಬೇಗ ಓಜೆಲಾ ಮನೇಲಿ ಕೂತು ಮಾಡಿಸಿದೆ. ಅವಳು ತಿರುವಿದಳು, ನಾನು ರುಚಿ ನೋಡಿದೆ. ಮಕ್ಕಳು ಮರಿ ಹಸ್ಕೊಂಡಿರಬಾರದಲ್ಲ."

ದೋಣಿ ಎದ್ದ ಜಾಗದಲ್ಲಿ ಕಪ್ಪಗಿನ ಒಳ್ಳೇ ಮಣ್ಣಿತ್ತು. ವರ್ಡೆಲ್ ಜೇಬಿನಿಂದ ಬೀಜದ ಪೊಟ್ಟಣ ತೆಗೆದು ಅವನ ಕೈಗೆ ಕೊಟ್ಟಳು. ಅಲಸಂದೆ. "ಮೇ ತಿಂಗಳಲ್ಲಿ ಬಿತ್ತಿ. ಅಕ್ಟೋಬರಿನಲ್ಲೇ ತಂದಿಟ್ಟಿದ್ದೆ."

"ಅಕ್ಟೋಬರಾ? ಕೈ ಮುರಿದದ್ದು ಡಿಸೆಂಬರಿನಲ್ಲಿ ಕಣೇ!"

"ಹೌದು ರೀ. ಈ ದೋಣಿ ಹೇಗಪ್ಪಾ ಎಬ್ಬಿಸೋದು ಅಂತ ದಿನಾ ಯೋಚಿಸ್ತಿದ್ದೆ. ಅಷ್ಟರಲ್ಲಿ ಕೈ ಮುರೀತು," ಎಂದಳು ವರ್ಡೆಲ್. "ಹೋದ ವರ್ಷ ಡೈಮ್ ಸಿಕ್ಕಿದ್ದು ನನಗೇ ಅಲ್ವಾ?"