ಸರ್ವರಿನ ಸೋಗು ಹಾಕಿಸುವ ಭಾವ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಸಂಬಳ ತೆಗೆದುಕೊಳ್ಳುವುದೇ ಕಂಪ್ಯೂಟರಿನ ಕೈಲಿ ಸುಳ್ಳು ಹೇಳಿಸುವುದಕ್ಕೆ ಎಂದರೆ ನಂಬುತ್ತೀರಾ? ಮದುವೆಯಾಗಿ ಮೂರು ವರ್ಷ ಅಕ್ಕನೇ ನಂಬಿರಲಿಲ್ಲ!

ಪುಣೆಯ ಅವರ ಕಂಪನಿ ಹಾಲಿನ ಡೈರಿಗಳಿಗೆ ಸಾಫ್ಟ್‌ವೇರ್ ಮಾಡುತ್ತದೆ. ಅದು ಊರೂರಿನ ನೂರಾರು ಸರ್ವರುಗಳ ಜೊತೆ ದಿನವಿಡೀ ಮಾತಾಡಬೇಕು. ಹಾಗಂತ ಪರೀಕ್ಷೆಗೆಂದು ನಿಜವಾದ ಸರ್ವರಿಗೇ "ಹತ್ತು ಟ್ಯಾಂಕರ್ ಕಳಿಸು" ಎಂದರೆ? ಬಾರಾಮತಿಯಿಂದ ಹತ್ತು ಟ್ಯಾಂಕರ್ ಹಾಲು ಹೊರಟೇಬಿಡುತ್ತದೆ! ಅದಕ್ಕೇ ಭಾವ ಒಂದು ಪ್ರೋಗ್ರಾಂ ಬರೆದರು. ಯಾವ ಪ್ರಶ್ನೆಗೆ ಸರ್ವರ್ ಏನು ಉತ್ತರಿಸಿತು, ಎಷ್ಟು ಹೊತ್ತು ತೆಗೆದುಕೊಂಡಿತು ಎಂದು ಅದು ಕೆಲವು ದಿನ ಸುಮ್ಮನೆ ಕೇಳಿಸಿಕೊಳ್ಳುತ್ತದೆ. ಆಮೇಲೆ ಯಾರೂ ಹೇಳಿಕೊಡದೆ ತಾನೇ ಆ ಸರ್ವರಿನ ಸೋಗು ಹಾಕಿ ಉತ್ತರ ಕೊಡುತ್ತದೆ. ಕೇಳುವ ಸಾಫ್ಟ್‌ವೇರಿಗೆ ವ್ಯತ್ಯಾಸವೇ ತಿಳಿಯದು!

ಒಮ್ಮೆ ಈ ಸೋಗಿನ ಸರ್ವರ್ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಯಿಯನ್ನೇ ಬಿಡಲಿಲ್ಲ. ಕೆಟ್ಟುಹೋಯಿತೆಂದು ಮ್ಯಾನೇಜರು ಕೂಗಾಡಿದರೆ ಭಾವ ಹಿಗ್ಗಿ ಹೀರೇಕಾಯಿ!

"ಕೆಟ್ಟಿಲ್ಲರೀ, ಕಲತದ! ಪುಣೆ ಕ್ಯಾಂಪ್ ಏರಿಯಾದ ಹಾಲಿನ ಡಿಪೋದವರು ದಿನಾ ಊಟಾ ಮಾಡಿ, ಕಂಪ್ಯೂಟರ್ ಬಂದ್ ಮಾಡಿ ಮಲಗತಾರ. ಇದೂ ಮಲಗೇದ!"

ಮನೆಯಲ್ಲಂತೂ ಈ ಹುಚ್ಚು ಇನ್ನೂ ಜೋರು. ಚಾವಣಿ ಸೋರುತ್ತಿದೆ ಎಂದು ಅಪಾರ್ಟ್‌ಮೆಂಟ್ ಸೊಸೈಟಿಯ ಸೆಕ್ರೆಟರಿಗೆ ದೂರು ಕೊಡಲು, ಅವರ ಜೊತೆಗೇ ಇರುವ ನಾನು ಹೊರಟರೆ ಭಾವ ಅಡ್ಡ ನಿಂತರು.

"ತಡೀ, ಮೊದಲ ಟೆಸ್ಟಿಂಗ್. ನಾ ಸೆಕ್ರೆಟರಿ. ಕೇಳು."

"ಸಾಹೇಬ್ರ, ಚಾವಣಿ ಸೋರ್ತದ."

ಭಾವ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಮೂರು ಸಲ ಕೆಮ್ಮಿದರು. "ಉದ್ಯಾ ಯಾ!" ಅಂದರೆ, ನಾಳೆ ಬನ್ನಿ.

ಕೆಳಗೆ ಹೋದೆ. ನಿಜವಾದ ಸೆಕ್ರೆಟರಿ ಕನ್ನಡಕ ಜಾರಿಸಿದರು. ಒಂದು ಕೆಮ್ಮು, ಎರಡು... ಮೂರನೆಯದಕ್ಕೆ ನನ್ನಿಂದ ಕಾಯಲಾಗಲಿಲ್ಲ. ನಾಳೆ ಬರುತ್ತೇನೆ ಎಂದು ನಾನೇ ಹೇಳಿ ಬಂದುಬಿಟ್ಟೆ!

ಹೋದ ತಿಂಗಳು ಅಕ್ಕನಿಗೆ ಹೃದಯದ ಆಪರೇಷನ್ ಆಯಿತು. ಹೊರಗಿನ ಬೆಂಚಿನ ಮೇಲೆ ನಾಲ್ಕು ತಾಸಿನಿಂದ ಕೂತಿದ್ದ ಭಾವ ಮೆಲ್ಲಗೆ ಅಂದರು:

"ನೀ ಡಾಕ್ಟರ್ ಆಗು."

"ಏನ್ ಹೇಳ್ಲಿ ಭಾವಾ?"

ಕೆಟ್ಟ ಉತ್ತರಗಳನ್ನೇ ಮೊದಲು ಪರೀಕ್ಷಿಸಬೇಕು ಎಂದು ಆಫೀಸಿನಲ್ಲಿ ಎಲ್ಲರ ತಲೆ ತಿನ್ನುವ ಮನುಷ್ಯ!

"ಛಲೋದಷ್ಟ ಹೇಳು. ಆ ಇನ್ನೊಂದು ಉತ್ತರದ ಟೆಸ್ಟ್ ಮಾಡೂದು ಬ್ಯಾಡ."

ಎದ್ದು ನಿಂತೆ. "ಆಪರೇಷನ್ ಛಲೋ ಆತ್ರಿ..." ಭಾವ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ನಿಜವಾದ ಡಾಕ್ಟರು ಮಾಸ್ಕ್ ಇಳಿಸಿ, ಎಲ್ಲ ಚೆನ್ನಾಗಿ ಆಯಿತು, ಎಚ್ಚರವಾಗುತ್ತಿದೆ ಎಂದು ಮರಾಠಿಯಲ್ಲಿ ಹೇಳಿದರು. ಇಪ್ಪತ್ತು ವರ್ಷ ಪುಣೆಯಲ್ಲಿದ್ದು ಮರಾಠಿಯನ್ನು ಅರೆದು ಕುಡಿದಿದ್ದ ಭಾವ ಅವರ ಎರಡೂ ಕೈ ಹಿಡಿದು, ಅಪ್ಪಟ ಧಾರವಾಡ ಕನ್ನಡದಲ್ಲಿ, "ಇನ್ನೊಮ್ಮೆ ಹೇಳ್ರಿ" ಎಂದರು.

ಡಾಕ್ಟರಿಗೆ ಕನ್ನಡ ಬಾರದು. ಆದರೂ ಇನ್ನೊಮ್ಮೆ ಹೇಳಿದರು.