ಮೂರು ಡ್ರಾಯರು, ಮೂರು ತೂತು

ಕೆಳಗಿನ ಡ್ರಾಯರು ಮುಚ್ಚಿದರೆ ಮೇಲಿನ ಡ್ರಾಯರು ತೆರೆದುಕೊಳ್ಳುತ್ತಿತ್ತು. ಆ ದಿನದ ಇಡೀ ರಾದ್ಧಾಂತಕ್ಕೆ ಕಾರಣ ಇಷ್ಟೇ.

ಬೆಳಗ್ಗೆ ಏಳು ಗಂಟೆಗೆ ಹಲ್ಲುಜ್ಜುವ ಬ್ರಶ್ಶನ್ನು ಬಾಯಲ್ಲಿಟ್ಟುಕೊಂಡೇ ಉಪ್ಪುಕಾಗದ ತಾನು ಮಾಡಿದ ಬೀರುವಿನ ಮುಂದೆ ಕುಕ್ಕುರುಗಾಲಲ್ಲಿ ಕೂತು, ಕೆಳಗಿನ ಡ್ರಾಯರನ್ನು ಮೆಲ್ಲಗೆ ತಳ್ಳಿದ. ಅದು ಸದ್ದಿಲ್ಲದೆ ಒಳಗೆ ಹೋಯಿತು. ಅದೇ ಹೊತ್ತಿಗೆ, ಯಾರೂ ಮುಟ್ಟದ ಮೇಲಿನ ಡ್ರಾಯರು ನಾಲ್ಕು ಬೆರಳಷ್ಟು ಹೊರಗೆ ಬಂದು ನಿಂತಿತು. ಮೇಲಿನದನ್ನು ಮುಚ್ಚಿದ. ನಡುವಿನದು ಹೊರಬಂತು. ನಡುವಿನದನ್ನು ಮುಚ್ಚಿದ. ಕೆಳಗಿನದು ಇಣುಕಿತು. ಬ್ರಶ್ಶು ಬಾಯಿಂದ ಜಾರಿ ನೆಲಕ್ಕೆ ಬಿತ್ತು.

ಉಪ್ಪುಕಾಗದ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮೂರು ವರ್ಷದ ಹಿಂದೆ ಅವನು ಗುಮಾಸ್ತನ ಕೆಲಸ ಬಿಟ್ಟು, ಬಡಗಿ ಕೆಲಸ ಕಲಿಯುತ್ತೇನೆಂದು ಮಾವನ ಅಂಗಡಿ ಸೇರಿದ್ದ. ಮನೆಯಲ್ಲಿ "ಬನ್ನಿ ಅಳಿಯಂದ್ರೇ, ಕೂತ್ಕೊಳ್ಳಿ" ಎನ್ನುತ್ತಿದ್ದ ಮಾವ, ಅಂಗಡಿಯಲ್ಲಿ "ಲೋ, ಉಜ್ಜೋ" ಎಂದು ಉಪ್ಪುಕಾಗದ ಕೈಗೆ ಕೊಟ್ಟು ಕತ್ತಲೆ ಮೂಲೆಯಲ್ಲಿ ಕೂರಿಸಿದರು. ಮೂರು ವರ್ಷ ಅವನು ಮರ ಉಜ್ಜಿದ್ದೇ ಉಜ್ಜಿದ್ದು. ಬೀದಿಯವರು ಆ ಹೆಸರನ್ನೇ ಇಟ್ಟುಬಿಟ್ಟರು.

ಆ ಮೂಲೆಯಿಂದ ಅವನು ದಿನವೂ ಮಾವನನ್ನು ನೋಡುತ್ತಿದ್ದ. ಕಿಟಕಿ ಪಕ್ಕದ ಮೇಜು ಅವರದು, ಬೆಳಕೆಲ್ಲ ಅಲ್ಲೇ. ಅವರ ಎಡಗಡೆಯ ಆ ಕಿಟಕಿಯಲ್ಲಿ ಹೋಗಿ ಬರುವವರೆಲ್ಲ ತಲೆ ತೂರಿಸಿ, "ಆ ಕಾಲು ಸೊಟ್ಟ ಇದೆ", "ಅಲ್ಲಿ ಮೊಳೆ ಹೊಡೀರಿ" ಎನ್ನುತ್ತಿದ್ದರು. ಮಾವ ಒಮ್ಮೆಯೂ ಕತ್ತು ತಿರುಗಿಸಿದವರಲ್ಲ. ಉಳಿಯ ಅಂಚು, ಮರದ ಗೆರೆ, ಅವರು, ಅಷ್ಟೇ. ಉಪ್ಪುಕಾಗದನಿಗೆ ಅದನ್ನು ನೋಡಿದಾಗಲೆಲ್ಲ ಮೈ ಜುಮ್ಮೆನ್ನುತ್ತಿತ್ತು. ಮನುಷ್ಯನೊಬ್ಬ ಲೋಕವನ್ನೇ ಮರೆತು ಕೆಲಸ ಮಾಡಬಲ್ಲನೆಂಬುದು ಅವನಿಗೆ ಗುಮಾಸ್ತಗಿರಿಯಲ್ಲಿ ಗೊತ್ತೇ ಆಗಿರಲಿಲ್ಲ.

ನಾಲ್ಕು ತಿಂಗಳ ಹಿಂದೆ ಮಾವ ಅಂಗಡಿಯಲ್ಲಿ ಹೇಳಿದ್ದರು: "ನಂಗೆ ವಯಸ್ಸಾಯ್ತು. ನೀನೊಬ್ನೇ ಮನೇಲಿ ಕೂತು ಮೂರು ಡ್ರಾಯರಿನ ಬೀರು ಮಾಡು. ಡ್ರಾಯರು ಸರಿಯಾಗಿ ಕೂತ್ರೆ ಕಿಟಕಿ ಪಕ್ಕದ ಮೇಜು ನಿಂದು. ಇಲ್ದಿದ್ರೆ ಮೂಲೆ ಇದ್ದೇ ಇದೆ." ಅವನು ರಜೆಯ ದಿನಗಳನ್ನೆಲ್ಲ ಸುರಿದು, ಕೂದಲೆಳೆಯಷ್ಟು ಉಜ್ಜಿ, ಸೇರಿಸಿ ನೋಡಿ, ಮತ್ತೆ ಉಜ್ಜಿ, ಬೀರು ಮುಗಿಸಿದ್ದ. ಇವತ್ತು ನಾಲ್ಕು ಗಂಟೆಗೆ ಮಾವ ನೋಡಲು ಬರುವವರಿದ್ದರು.

"ಮುಗೀತು ನನ್ನ ಕತೆ" ಎಂದು ಅವನು ನೆಲದ ಮೇಲೇ ಕೂತ.

ಹೆಂಡತಿ ಬಂದು ಒಂದೆರಡು ಸಲ ತಳ್ಳಿ ನೋಡಿದಳು. "ನಂಗೆ ಚೆನ್ನಾಗೇ ಕಾಣುತ್ತಪ್ಪ. ಅಪ್ಪ ಬರೋ ತನಕ ಸುಮ್ನಿರಿ, ಏನೂ ಮಾಡೋಕೆ ಹೋಗ್ಬೇಡಿ" ಎಂದಳು. ಆ ದಿನ ಆ ಮನೆಯಲ್ಲಿ ಕೇಳಿಬಂದ ಬುದ್ಧಿವಂತಿಕೆಯ ಮಾತು ಅದೊಂದೇ. ಅವನು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಪಕ್ಕದ ಮನೆಯಲ್ಲಿದ್ದ ಹೆಂಡತಿಯ ಚಿಕ್ಕಮ್ಮ ಪಾತ್ರೆ ವಾಪಸು ಕೊಡಲು ಬಂದವರು ಡ್ರಾಯರಿನ ಆಟ ನೋಡಿ ಪಾತ್ರೆಯನ್ನು ಅಲ್ಲೇ ಬಿಟ್ಟು, ಎದುರು ಮನೆಯ ಟೈಲರನನ್ನು ಕರೆತಂದರು. ಟೈಲರನು ಅಳತೆಪಟ್ಟಿಯನ್ನು ಕುತ್ತಿಗೆಗೆ ಹಾಕಿಕೊಂಡೇ ಬಂದ.

"ಇದು ಬಿಗಿ ಜಾಸ್ತಿ ಅಣ್ಣಾ. ಅಂಗಿ ಕಂಕುಳಲ್ಲಿ ಬಿಗಿಯಾದ್ರೆ ಗುಂಡಿ ಬಿಚ್ಚಿಕೊಳ್ಳಲ್ವಾ? ಹಾಗೇ. ಮೇಣದಬತ್ತಿ ಉಜ್ಜಿ."

ಉಪ್ಪುಕಾಗದ ಉಜ್ಜಿದ. ಡ್ರಾಯರುಗಳಿಗೆ ಇನ್ನಷ್ಟು ಹುರುಪು ಬಂತು. ಕೆಳಗಿನದನ್ನು ತಳ್ಳಿದ್ದೇ ತಡ, ಮೇಲಿನದು ಚಂಗನೆ ಹೊರಬಂದು, ಬಗ್ಗಿ ನೋಡುತ್ತಿದ್ದ ಟೈಲರನ ಹೊಟ್ಟೆಗೆ ಗುದ್ದಿತು. ಅವನು "ಅಯ್ಯಪ್ಪಾ" ಎಂದು ಕುರ್ಚಿ ಹಿಡಿದು ಕೂತ.

ಅಷ್ಟರಲ್ಲಿ ಮಹಡಿ ಮೇಲಿನ ನಿವೃತ್ತ ಸರ್ವೆಯರು ಯಾರೂ ಕರೆಯದೆಯೇ ನೆಲದ ಮಟ್ಟ ನೋಡುವ ರಸಮಟ್ಟ ಹಿಡಿದು ಇಳಿದುಬಂದರು. ಕೆಲಸದಲ್ಲಿದ್ದಾಗ ಬೆಟ್ಟ ಅಳೆದವರು; ಈಗ ಅಳೆಯಲು ಏನೂ ಸಿಗದೆ ಸೊರಗಿದ್ದರು. "ನೆಲ ವಾಟ ಇದೆ ಕಣಯ್ಯ. ಅದಕ್ಕೇ ಡ್ರಾಯರು ಮುಂದಕ್ಕೆ ಜಾರ್ತಿದೆ. ಮುಂದಿನ ಕಾಲಿಗೆ ಬೆಣೆ ಕೊಡು."

ಬೆಣೆ ಕೊಟ್ಟರು. ಸಾಲಲಿಲ್ಲ. ಇನ್ನೊಂದು ಕೊಟ್ಟರು. ಬೀರು ಸೂರು ನೋಡುವಷ್ಟು ಹಿಂದಕ್ಕೆ ವಾಲಿತು. ಉಪ್ಪುಕಾಗದ ಉಸಿರು ಬಿಗಿಹಿಡಿದು ಕೆಳಗಿನ ಡ್ರಾಯರನ್ನು ಒಳಗೆ ಬಿಟ್ಟ. ಮೇಲಿನ ಡ್ರಾಯರು ಏರನ್ನು ಹತ್ತಿಕೊಂಡು, ನಿಧಾನವಾಗಿ, ಗತ್ತಿನಿಂದ ಹೊರಬಂತು.

ಹೊಟ್ಟೆ ಹಿಡಿದುಕೊಂಡಿದ್ದ ಟೈಲರನೂ ಎದ್ದುನಿಂತ. ಚಿಕ್ಕಮ್ಮ ಎರಡು ಹೆಜ್ಜೆ ಹಿಂದೆ ಸರಿದು, "ಇದಕ್ಕೆ ಜೀವ ಇದೆ ಕಣೋ" ಎಂದು ಪಿಸುಗುಟ್ಟಿದರು. ಉಪ್ಪುಕಾಗದನೂ ಒಂದು ಕ್ಷಣ ಹೆದರಿಕೆಯೆಲ್ಲ ಮರೆತು, ತಾನೇ ಉಜ್ಜಿದ ಆ ಮರವನ್ನು ಮೊದಲ ಸಲ ಕಂಡವನಂತೆ ನೋಡುತ್ತ ನಿಂತ. ಎಷ್ಟು ಚೆಂದ ಬರುತ್ತಿತ್ತು ಅದು!

ಸರ್ವೆಯರು ಬೆರಳನ್ನು ನಾಲಿಗೆಗೆ ತಾಗಿಸಿ, ಕೆಳಗಿನ ಡ್ರಾಯರನ್ನು ತಳ್ಳಿಸಿ, ಮೇಲಿನದರ ಸಂದಿಗೆ ಹಿಡಿದರು. "ತಣ್ಣಗಿದೆ! ಗಾಳಿ ಕಣಯ್ಯ, ಗಾಳಿ! ಒಂದನ್ನ ಮುಚ್ಚಿದ್ರೆ ಒಳಗಿನ ಗಾಳಿಗೆ ಹೋಗೋಕೆ ಜಾಗ ಇಲ್ಲ. ಇನ್ನೊಂದನ್ನ ಆಚೆ ತಳ್ಳುತ್ತೆ. ಹಿಂದುಗಡೆ ತೂತು ಹೊಡಿ, ಹೊರಟುಹೋಗುತ್ತೆ."

"ನಡುಮಧ್ಯ ಹೊಡೀರಿ, ಗುಂಡಿಗೆ ಕಾಜಾ ಹೊಲಿದ ಹಾಗೆ" ಎಂದ ಟೈಲರ.

"ಎಡಗಡೆ ಮೂಲೇಲಿ. ಲೆಕ್ಕಕ್ಕೆ ಅದೇ ಸರಿ" ಎಂದರು ಸರ್ವೆಯರು.

"ಬಲಗಡೆ ಮಾಡೋ. ನಮ್ಮನೆ ಅಡುಗೆಮನೆ ಹೊಗೆಕಿಂಡಿ ಬಲಗಡೇನೇ ಇರೋದು" ಎಂದರು ಚಿಕ್ಕಮ್ಮ.

ಉಪ್ಪುಕಾಗದ ಬೆಣೆಗಳನ್ನು ತೆಗೆದು, ಯಾರ ಮನಸ್ಸನ್ನೂ ನೋಯಿಸಬಾರದೆಂದು ಬೈರಿಗೆ ಹಿಡಿದು ಮೂರೂ ಕಡೆ ಕೊರೆದ. ಕೆಳಗಿನ ಡ್ರಾಯರನ್ನು ತಳ್ಳಿದಾಗ ತೂತುಗಳಿಂದ ಉಸ್ಸೆಂದು ಸದ್ದು ಬಂತು. ಮೇಲಿನದು ಅಲ್ಲಾಡಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಉಪ್ಪುಕಾಗದನೂ ತಟ್ಟಿದ.

ನಾಲ್ಕು ಗಂಟೆಗೆ ಸರಿಯಾಗಿ ಮಾವ ಬಂದರು. ಬಾಗಿಲಲ್ಲಿ ಅವರ ಎಡಕ್ಕೆ ನಿಂತಿದ್ದ ಟೈಲರ ಗಟ್ಟಿಯಾಗಿ "ನಮಸ್ಕಾರ ಯಜಮಾನ್ರೇ" ಎಂದರೂ ಅವರು ತಿರುಗಲಿಲ್ಲ. "ಏನು ಗಾಂಭೀರ್ಯ!" ಎಂದುಕೊಂಡ ಟೈಲರ.

ಮಾವ ಬೀರುವನ್ನು ಸವರಿದರು. ಡ್ರಾಯರುಗಳನ್ನು ಎಳೆದು ಸಂದಿ ನೋಡಿದರು. ಅವರ ಹುಬ್ಬು ಮೇಲೇರಿತು. ಆಮೇಲೆ ಕೆಳಗಿನ ಡ್ರಾಯರನ್ನು ಮೆಲ್ಲಗೆ ತಳ್ಳುತ್ತ, ಇನ್ನೊಂದು ಕೈಯನ್ನು ಮೇಲಿನ ಡ್ರಾಯರಿನ ಮುಂದೆ ಅಂಗೈ ಬಿಚ್ಚಿ ಹಿಡಿದು ಕಾದರು. ಏನೂ ಆಗಲಿಲ್ಲ. ಇನ್ನೊಂದು ಸಲ ಕಾದರು. ಅವರ ಮುಖ ಬಾಡಿತು.

"ಸಂದಿ ನೋಡಿದ್ರೆ ಬರಬೇಕಿತ್ತಲ್ಲ" ಎಂದು ತಮ್ಮಷ್ಟಕ್ಕೇ ಗೊಣಗಿದರು.

"ಏನು ಬರಬೇಕಿತ್ತು ಮಾವ?"

"ಡ್ರಾಯರು ನಿಜವಾಗ್ಲೂ ಸರಿಯಾಗಿ ಕೂತ್ರೆ, ಒಂದು ಮುಚ್ಚಿದ್ರೆ ಗಾಳಿಗೆ ಇನ್ನೊಂದು ತೆರೆದುಕೊಳ್ಳುತ್ತೆ. ಎಳ್ಳಷ್ಟೂ ಸಂದಿ ಇರಬಾರದು. ನಲವತ್ತು ವರ್ಷದಲ್ಲಿ ನಂಗೆ ಎರಡು ಸಲ ಆಗಿದೆ. ಎರಡು ಸಲಾನೂ ಕಣ್ಣಲ್ಲಿ ನೀರು ಬಂದಿತ್ತು."

ಉಪ್ಪುಕಾಗದ ಬೀರುವಿನ ಹಿಂದಕ್ಕೆ ಕೈ ತೋರಿಸಿದ. "ಬರ್ತಿತ್ತು ಮಾವ! ಬೆಳಗ್ಗೆಯಿಂದ ಅದೇ ಬರ್ತಿತ್ತು! ಕೆಟ್ಟೋಯ್ತು ಅಂತ ಹಿಂದೆ ತೂತು ಹೊಡೆದುಬಿಟ್ಟೆ!"

ಮಾವ ಹಿಂದಕ್ಕೆ ಹೋಗಿ ನೋಡಿದರು. ಮೂರು ತೂತನ್ನೂ ಬೆರಳಿಟ್ಟು ಎಣಿಸಿದರು. "ಯಾರು ಹೇಳಿದ್ದು?"

ಮೂವರೂ ಸೂರು, ನೆಲ, ಕಿಟಕಿ ಎಂದು ಒಂದೊಂದು ಕಡೆ ಕಣ್ಣು ಹಾಯಿಸಿದರು.

"ಹೇಳಿದವರು ಬನ್ನಿ. ಅವರವರ ತೂತಿಗೆ ಅವರವರ ಹೆಬ್ಬೆರಳು ಇಡಿ."

ಬೀರುವಿನ ಹಿಂದೆ ಟೈಲರ, ಸರ್ವೆಯರು, ಚಿಕ್ಕಮ್ಮ ಮೂವರೂ ಸಾಲಾಗಿ ಮಂಡಿಯೂರಿ ಹೆಬ್ಬೆರಳು ಒತ್ತಿದರು. ಮಾವ ಕೆಳಗಿನ ಡ್ರಾಯರನ್ನು ತಳ್ಳಿದರು. ಮೇಲಿನ ಡ್ರಾಯರು, ನಿದ್ದೆಯಿಂದ ಎದ್ದು ಮೈ ಮುರಿದಂತೆ, ಮೆಲ್ಲಗೆ ಹೊರಬಂದು ಮಾವನ ಅಂಗೈಯಲ್ಲಿ ನಿಂತಿತು.

ಮಗಳು ಅಪ್ಪನ ತೋಳು ಹಿಡಿದುಕೊಂಡಳು. ಉಪ್ಪುಕಾಗದ ಅಳುತ್ತಿದ್ದ.

"ಬಂತಾ? ಬಂತಾ? ನಮಗೇನೂ ಕಾಣ್ತಿಲ್ಲ!" ಎಂದರು ಹಿಂದಿನಿಂದ ಚಿಕ್ಕಮ್ಮ.

ಮಾವ ಕಣ್ಣೊರೆಸಿಕೊಂಡರು. "ಕೈಯಲ್ಲಿ ನನ್ನನ್ನೇ ಮೀರಿಸಿದ್ರಿ, ಅಳಿಯಂದ್ರೇ. ಮೂರು ವರ್ಷ ಉಜ್ಜಿಸಿದ್ದು ದಂಡ ಆಗ್ಲಿಲ್ಲ. ಆದ್ರೆ ಕಿಟಕಿ ಮೇಜು ಈಗ ಕೊಡೋಕಾಗಲ್ಲ."

"ಯಾಕೆ ಮಾವ?"

"ಇಲ್ಲಿ ಮೂರು ಜನ ಹೇಳಿದ್ದಕ್ಕೆ ಮೂರು ತೂತಾಯ್ತು. ಆ ಕಿಟಕೀಲಿ ದಿನಕ್ಕೆ ನಲವತ್ತು ಜನ ಹೇಳ್ತಾರೆ. ಮಾಡಿದ್ದನ್ನೆಲ್ಲ ಜರಡಿ ಮಾಡಿ ಇಡ್ತೀರಿ."

ಉಪ್ಪುಕಾಗದ ಕೈ ಮುಗಿದ. "ಹಾಗಾದ್ರೆ ಅದನ್ನಾದ್ರೂ ಕಲಿಸಿ ಮಾವ. ನಲವತ್ತು ವರ್ಷ ಅಲ್ಲಿ ಕೂತು ಒಬ್ಬರ ಮಾತಿಗೂ ನೀವು ಕತ್ತು ತಿರುಗಿಸ್ಲಿಲ್ಲ. ಆ ತಪಸ್ಸು ಹೇಗೆ ಬರುತ್ತೆ?"

ಮಾವ ಅರ್ಥವಾಗದೆ ಅವನನ್ನು ನೋಡಿದರು. "ಎಂಥ ತಪಸ್ಸು? ನಂಗೆ ಎಡಗಿವಿ ಕೇಳಲ್ಲ. ಕಿಟಕಿ ಎಡಗಡೆ ಇದೆ."

ಉಪ್ಪುಕಾಗದ ಹೆಂಡತಿಯ ಕಡೆ ತಿರುಗಿದ. "ನಿಂಗೆ ಗೊತ್ತಿತ್ತಾ?"

"ನಮ್ಮನೇಲಿ ಎಲ್ರಿಗೂ ಗೊತ್ತು. ನೀವು ಯಾವತ್ತೂ ಕೇಳ್ಲೇ ಇಲ್ವಲ್ಲ" ಎಂದಳು ಅವಳು.

ಬೀರುವಿನ ಹಿಂದಿನಿಂದ ಟೈಲರನ ತಲೆ ಮೇಲೆದ್ದಿತು. "ಅಷ್ಟೇ ತಾನೇ? ಕಿವಿಗೆ ಹತ್ತಿ ಇಟ್ಕೊಳ್ಳಿ ಅಣ್ಣಾ! ನಮ್ಮಂಗಡೀಲಿ ಬೇಕಾದಷ್ಟಿದೆ."

"ಹತ್ತಿ ಎಲ್ಲಿ ಸಾಲುತ್ತೆ? ಮೇಣ ಇಡಬೇಕು" ಎಂದರು ಸರ್ವೆಯರು.

"ಬರೀ ಮೇಣ ಅಂಟುತ್ತೆ ಕಣೋ, ಬಟ್ಟೆ ಸುತ್ತಿಡು" ಎಂದರು ಚಿಕ್ಕಮ್ಮ.

ಉಪ್ಪುಕಾಗದ ಮೂವರನ್ನೂ ಆಸೆಯಿಂದ ನೋಡಿದ. "ಒಂದು ಕಿವಿಗೆ ಸಾಕಾ, ಎರಡಕ್ಕೂ ಬೇಕಾ?" ಎಂದು ಕೇಳಿಯೇಬಿಟ್ಟ.

ಮಾವ ಚೀಲದಿಂದ ಉಪ್ಪುಕಾಗದದ ಹೊಸ ಕಟ್ಟೊಂದನ್ನು ತೆಗೆದು ಅಳಿಯನ ಕೈಗಿಟ್ಟು, "ನಾಳೆ ಬೇಗ ಬಾರೋ" ಎಂದು ಚಪ್ಪಲಿ ಮೆಟ್ಟಿದರು.